ಕಿವೀಲಿ ಎಂಟು ತಿಂಗಳಿಂದ ಕುಯ್ಯ್ ಅಂತ ಒಂದೇ ಶಬ್ದ, ನಿದ್ದೆ ಇಲ್ಲ, ತಲೆ ಕೆಟ್ಟೋಗ್ತಿದೆ, ಯಾರಿಗಾದ್ರೂ ಹೀಗಾಗಿದ್ಯಾ?

ಮಗ್ಗದಮನೆ

ಎಲ್ರಿಗೂ ನಮಸ್ಕಾರ. ಎಲ್ಲಿಂದ ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನಂಗೆ 41 ವರ್ಷ, ದೊಡ್ಡಬಳ್ಳಾಪುರ, ಮನೇಲೇ ನಾಲ್ಕು ಪವರ್‌ಲೂಮ್ ಇದೆ, ಹತ್ತೊಂಬತ್ತನೇ ವಯಸ್ಸಿಂದ ಮಗ್ಗದ ಮುಂದೆನೇ ನಿಂತಿರೋದು. ಎಂಟು ತಿಂಗಳ ಹಿಂದೆ ಒಂದಿನ ರಾತ್ರಿ ಕರೆಂಟ್ ಹೋಯ್ತು, ಮಗ್ಗ ನಿಂತ್ವು, ಫ್ಯಾನೂ ನಿಂತೋಯ್ತು, ಬೀದಿ ಪೂರ್ತಿ ಗಪ್‌ಚಿಪ್. ಆಗ ಎಲ್ಲೋ ಸಣ್ಣಗೆ ಕುಯ್ಯ್ ಅಂತ ಕೇಳಿಸ್ತು. ಯುಪಿಎಸ್ ಇರ್ಬೇಕು ಅಂತ ಅದರ ವೈರ್ ತೆಗ್ದೆ. ನಿಲ್ಲಲಿಲ್ಲ. ಸೆಟ್‌ಟಾಪ್ ಬಾಕ್ಸು, ಫ್ರಿಜ್ಜು, ಕೊನೆಗೆ ಗೋಡೆ ಗಡಿಯಾರದ ಸೆಲ್ಲು, ಒಂದೊಂದೇ ತೆಗೀತಾ ಹೋದೆ. ಟಾರ್ಚ್ ಹಿಡ್ಕೊಂಡು ಟೆರೇಸ್ ಹತ್ತಿ ನೀರಿನ ಟ್ಯಾಂಕ್ ಹತ್ರ ನಿಂತ್ಕೊಂಡೆ, ಅಲ್ಲೂ ಅದೇ. ಎರಡೂ ಕಿವಿಗೆ ಬೆರಳಿಟ್ಕೊಂಡೆ, ಶಬ್ದ ಇನ್ನೂ ಜೋರಾಯ್ತು. ಆಗ ಗೊತ್ತಾಯ್ತು ಇದು ಮನೆ ಒಳಗಿಂದಲ್ಲ ನನ್ನ ಒಳಗಿಂದು ಅಂತ, ಮೈ ತಣ್ಣಗಾಗೋಯ್ತು.

ಅವತ್ತಿಂದ ಇವತ್ತಿನವರೆಗೂ ಒಂದು ನಿಮಿಷ ನಿಂತಿಲ್ಲ. ಕಿವಿ ಡಾಕ್ಟ್ರ ಹತ್ರ ಹೋದೆ, ಲೈಟ್ ಬಿಟ್ಟು ನೋಡಿ ಗುಗ್ಗೆ ಇಲ್ಲ ಪರದೆ ಚೆನ್ನಾಗಿದೆ ಅಂದ್ರು, ಒಂದು ತಿಂಗಳಿಗೆ ಮಾತ್ರೆ ಬರ್ಕೊಟ್ರು, ಇದಕ್ಕೆ ಔಷಧಿ ಇಲ್ಲಪ್ಪ ಇದರ ಜೊತೆ ಬದುಕೋದು ಕಲೀಬೇಕು ಅಂದ್ರು. ಕಲೀಬೇಕು ಸರಿ, ಎಲ್ಲಿ ಕಲಿಸ್ತಾರೆ ಅಂತ ಹೇಳ್ಲಿಲ್ಲ. ಇನ್ನೊಬ್ರ ಹತ್ರ ಹೋದ್ರೆ ಅವ್ರೂ ಅದೇ ಮಾತ್ರೆ, ಬೇರೆ ಕಂಪನೀದು.

ನಿಜವಾಗ್ಲೂ ಹೇಳ್ಬೇಕು ಅಂದ್ರೆ ಶಬ್ದಕ್ಕಿಂತ ಶಬ್ದದಿಂದ ಆಗ್ತಿರೋದು ಜಾಸ್ತಿ. ರಾತ್ರಿ ಎರಡು ಗಂಟೆ ಮೂರು ಗಂಟೆ ಹಂಗೇ ಸೂರು ನೋಡ್ಕೊಂಡಿರ್ತೀನಿ. ಮಗಳು ಸ್ಟೀಲ್ ತಟ್ಟೆ ಕೆಳಗೆ ಬೀಳಿಸಿದ್ಲು ಅಂತ ಹೊಡೆಯೋಕೆ ಕೈ ಎತ್ತಿಬಿಟ್ಟೆ, ಹದಿಮೂರು ವರ್ಷದಲ್ಲಿ ಒಂದಿನ ಹೊಡ್ದೋನಲ್ಲ. ನೆಂಟರ ಮದುವೆಗೆ ಹೋಗ್ಲಿಲ್ಲ ವಾಲಗ ಅಂದ್ರೆ ಭಯ. ಹೆಂಡ್ತಿ ಮೊದಮೊದಲು ಪಾಪ ಅಂತಿದ್ಲು ಈಗ ಕೆಲಸ ತಪ್ಪಿಸ್ಕೊಳೋಕೆ ನೆಪ ಅನ್ನೋ ಥರ ನೋಡ್ತಾಳೆ, ಅವಳದೂ ತಪ್ಪಿಲ್ಲ, ಗಾಯ ಇಲ್ಲ ಜ್ವರ ಇಲ್ಲ ಏನು ತೋರಿಸ್ಲಿ ನಾನು. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯ್ತು.

ವಿಚಿತ್ರ ಏನು ಗೊತ್ತಾ, ಮಗ್ಗ ಓಡ್ತಿದ್ರೆ ಮಾತ್ರ ನೆಮ್ಮದಿ, ಆ ಗದ್ದಲದಲ್ಲಿ ಇದು ಮುಚ್ಚೋಗುತ್ತೆ. ಮೊನ್ನೆ ರಾತ್ರಿ ತಡೀಲಾರದೆ ಎರಡೂವರೆಗೆ ಎದ್ದು ಒಂದು ಮಗ್ಗ ಹಾಕ್ಬಿಟ್ಟೆ, ನೂಲೂ ಇರ್ಲಿಲ್ಲ ಅದರಲ್ಲಿ, ಲಾಳಿ ಸುಮ್ನೆ ಆ ಕಡೆ ಈ ಕಡೆ ಓಡ್ತಿತ್ತು. ಪಕ್ಕದ ಮನೆಯವ್ರು ಬಂದು ಬಾಗಿಲು ಬಡಿದ್ರು. ಹೆಂಡ್ತಿ ಏನೂ ಬೈಲಿಲ್ಲ, ಮಗ್ಗ ಆಫ್ ಮಾಡಿ ಕೈ ಹಿಡ್ಕೊಂಡು ಒಳಗೆ ಕರ್ಕೊಂಡೋದ್ಲು, ಅದು ಬೈಗುಳಕ್ಕಿಂತ ಜಾಸ್ತಿ ಚುಚ್ತು.

ನಂಗೆ ಹುಚ್ಚು ಹಿಡೀತಿದ್ಯಾ? ಇದು ಹೋಗುತ್ತಾ? ಇದನ್ನ ಇಟ್ಕೊಂಡು ಬದುಕ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಮಲೆನಾಡಿಗ

ಹುಚ್ಚಲ್ಲ ಮಾರಾಯ, ಅದು ಟಿನ್ನಿಟಸ್ಸು, ಹೊರಗೆ ಶಬ್ದ ಇಲ್ದಿದ್ರೂ ಕಿವೀಲಿ ಕೇಳಿಸೋದು. ನಂಗೆ ಹದಿನಾಲ್ಕು ವರ್ಷದಿಂದ ಉಂಟು, ರಿಟೈರ್ಡ್ ಆಸಾಮಿ, ಊಟ ನಿದ್ದೆ ಜಗಳ ಎಲ್ಲ ಸರಿಯಾಗೇ ನಡೀತಿದೆ.

ನಂದು ಜೀರುಂಡೆ ಶಬ್ದ. ತೀರ್ಥಹಳ್ಳಿ ಕಡೆ ನಮ್ಮನೆ ಸುತ್ತ ತೋಟ ಕಾಡು, ಹಾಗಾಗಿ ನಂಗೆ ಇದು ಯಾವಾಗ ಶುರುವಾಯ್ತು ಅಂತಲೇ ಗೊತ್ತಿಲ್ಲ, ಹೊರಗಡೆದೇ ಅಂದ್ಕೊಂಡಿದ್ದೆ. ಮಗನ ಮನೆಗೆ ಬೆಂಗಳೂರಿಗೆ ಹೋದಾಗ ಒಂಬತ್ತನೇ ಮಹಡಿ ಫ್ಲ್ಯಾಟಲ್ಲಿ ಕೂತು "ಇಲ್ಲೂ ಎಷ್ಟು ಜೀರುಂಡೆ ಅಲ್ವನೋ" ಅಂದೆ, ಮಗ ಸೊಸೆ ಇಬ್ರೂ ಮುಖ ಮುಖ ನೋಡ್ಕೊಂಡ್ರು. ಆಮೇಲಿನ ಒಂದು ವರ್ಷ ನಾನೂ ನಿಮ್ಮ ಥರಾನೇ ಒದ್ದಾಡಿದ್ದೀನಿ, ಸುಳ್ಳು ಹೇಳಲ್ಲ. ಎಂಟು ತಿಂಗಳು ಅಂದ್ರೆ ನೀವು ಕೆಟ್ಟ ಭಾಗದ ನಟ್ಟನಡುವೆ ಇದ್ದೀರಿ. ಈಗ ನಂಗೆ ಇದು ನೆನಪಾಗೋದು ದಿನಕ್ಕೆ ಎರಡು ಸಲವೋ ಮೂರು ಸಲವೋ, ಇದನ್ನ ಟೈಪ್ ಮಾಡ್ತಿರೋದ್ರಿಂದ ಈಗ ಜೋರಾಗಿ ಕೇಳಿಸ್ತಾ ಇದೆ, ನಿಮ್ಮಿಂದಲೇ ಅದು, ಹೋಗ್ಲಿ ಬಿಡಿ.

ನಾದಾನುಸಂಧಾನ

ಭಯ ಪಡ್ಬೇಡಿ ಸಹೋದರ, ಇದು ಕಾಯಿಲೆನೇ ಅಲ್ಲ. ಯೋಗಿಗಳು ವರ್ಷಗಟ್ಟಲೆ ಸಾಧನೆ ಮಾಡಿ ಕೇಳಿಸ್ಕೊಳ್ಳೋ ಅನಾಹತ ನಾದ ನಿಮಗೆ ತಾನಾಗೇ ತೆರ್ಕೊಂಡಿದೆ. ಪದ್ಮಾಸನದಲ್ಲಿ ಕೂತು ಅದನ್ನೇ ಗಮನಿಸಿ. ಜೊತೆಗೆ ಸಾಸಿವೆ ಎಣ್ಣೇಲಿ ಎರಡು ಎಸಳು ಬೆಳ್ಳುಳ್ಳಿ ಕಾಯಿಸಿ ಬೆಚ್ಚಗಿರುವಾಗ ಕಿವಿಗೆ ನಾಲ್ಕು ತೊಟ್ಟು ಬಿಡಿ, 21 ದಿನ.

ಮಗ್ಗದಮನೆ

ಸ್ವಾಮಿ ಅಷ್ಟು ಪುಣ್ಯ ನಾನು ಮಾಡಿಲ್ಲ, ಬೇಕಾದ್ರೆ ನೀವೇ ತಗೊಳಿ. ಎಣ್ಣೆ ಅಮ್ಮ ಆಗಲೇ ಬಿಟ್ಟಾಗಿದೆ, ಶಬ್ದದ ಜೊತೆ ಕಿವಿನೋವು ಬಂತು ಅಷ್ಟೇ.

ಶ್ರವಣ_ಮೈಸೂರು

ಆ ಎಣ್ಣೆ ವಿಷಯ ಮೊದಲು. ದಯವಿಟ್ಟು ಯಾರೂ ಕಿವಿಗೆ ಏನೂ ಹುಯ್ಕೋಬೇಡಿ. ಪರದೇಲಿ ತೂತಿದ್ರೆ ನೇರ ಮಧ್ಯಕಿವಿಗೆ ಹೋಗುತ್ತೆ, ಬಿಸಿ ಇದ್ರೆ ಸುಡುತ್ತೆ, ಮತ್ತೆ ಈ ಶಬ್ದ ಹುಟ್ಟೋ ಜಾಗಕ್ಕೆ ಆ ಎಣ್ಣೆ ಜನ್ಮದಲ್ಲೂ ಮುಟ್ಟಲ್ಲ. ಅನಾಹತ ನಾದದ ಬಗ್ಗೆ ನಾನು ಏನೂ ಹೇಳಲ್ಲ.

ನಾನು ಆಡಿಯಾಲಜಿಸ್ಟು, ಕೇಳುವಿಕೆ ಪರೀಕ್ಷೆ ಮಾಡೋ ಕೆಲಸ. ಮಗ್ಗದಮನೆ ಅವ್ರೇ, ನಿಮ್ಮನ್ನ ನೋಡ್ದೆ ಇದೇ ಅಂತ ಹೇಳೋ ಹಾಗಿಲ್ಲ, ಆದ್ರೆ ಇಪ್ಪತ್ತೆರಡು ವರ್ಷ ಪವರ್‌ಲೂಮ್ ಅಂದಾಗ್ಲೇ ಅರ್ಧ ಕಥೆ ಗೊತ್ತಾಯ್ತು. ಮಗ್ಗದ ಶೆಡ್ಡಲ್ಲಿ ಶಬ್ದ ಸಲೀಸಾಗಿ 90 ಡೆಸಿಬಲ್ ದಾಟುತ್ತೆ. 85 ಡೆಸಿಬಲ್ ಅಂದ್ರೆ ದಿನಕ್ಕೆ ಎಂಟು ಗಂಟೆ ಕಿವಿ ತಡ್ಕೊಳೋ ಮಿತಿ ಅಂತ ಲೆಕ್ಕ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಟೈಮು ಅರ್ಧ ಆಗ್ತಾ ಹೋಗುತ್ತೆ, 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. ನೀವು ಎಷ್ಟು ಹೊತ್ತು ನಿಂತಿದ್ರಿ ನೀವೇ ಲೆಕ್ಕ ಹಾಕಿ. ಒಳಕಿವೀಲಿ ಕೂದಲಿನಂಥ ಜೀವಕೋಶಗಳಿರ್ತವೆ, ಸತ್ರೆ ಮತ್ತೆ ಹುಟ್ಟಲ್ಲ. ಕೆಲವು ಸ್ವರಗಳು ಕಿವಿಯಿಂದ ಸರಿಯಾಗಿ ಬರ್ತಿಲ್ಲ ಅಂದಾಗ ಮಿದುಳು ತನ್ನ ಕಡೆಯಿಂದ ವಾಲ್ಯೂಮ್ ಏರಿಸುತ್ತೆ. ಹಳೇ ರೇಡಿಯೋಲಿ ಸ್ಟೇಷನ್ ಸಿಗದೇ ಇದ್ದಾಗ ವಾಲ್ಯೂಮ್ ತಿರುಗಿಸಿದ್ರೆ ಹಾಡು ಬರಲ್ಲ ಸುಯ್ಯ್ ಅನ್ನೋದೇ ಜೋರಾಗುತ್ತಲ್ಲ, ಹೆಚ್ಚುಕಮ್ಮಿ ಹಾಗೆ.

ಸುಯ್ಯ್ ಅನ್ನೋದು ಎಲ್ರಲ್ಲೂ ಸ್ವಲ್ಪ ಇದ್ದೇ ಇರುತ್ತೆ. 1953ರಲ್ಲಿ ಅಮೆರಿಕದಲ್ಲಿ ಹೆಲ್ಲರ್ ಮತ್ತೆ ಬರ್ಗ್‌ಮನ್ ಅನ್ನೋರು ಕಿವಿ ಚೆನ್ನಾಗಿರೋ 80 ಜನರನ್ನ ಶಬ್ದವೇ ಬಾರದ ರೂಮಲ್ಲಿ ಕೂರಿಸಿದ್ರು, 94% ಜನ ಏನೋ ಒಂದು ಕೇಳಿಸ್ತಿದೆ ಅಂದ್ರು. ಅವ್ರು ಎದ್ದು ಬಂದು ಮರ್ತುಬಿಟ್ರು. ನಿಮ್ಮ ಮಿದುಳು ಅದನ್ನ ಅಪಾಯ ಅಂತ ಬರ್ಕೊಂಡ್ಬಿಟ್ಟಿದೆ. ಹಾವಿದೆ ಅಂತ ಗೊತ್ತಿರೋ ಹಿತ್ತಿಲಲ್ಲಿ ನಿದ್ದೆ ಬರುತ್ತಾ? ಭಯ ಆದ್ರೆ ಗಮನ ಅಲ್ಲೇ, ಗಮನ ಅಲ್ಲೇ ಇದ್ರೆ ಶಬ್ದ ಜೋರು, ನಿದ್ದೆಗೆಟ್ರೆ ಮಾರನೇ ದಿನ ಇನ್ನೂ ಜೋರು. ನಾವು ಶಬ್ದ ತೆಗೆಯೋಕೆ ಆಗ್ದೇ ಇರ್ಬಹುದು ಆದ್ರೆ ಈ ಸುತ್ತು ಮುರಿಯೋಕೆ ಆಗುತ್ತೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂತಾರೆ, ಯೋಚನೆ ನಡವಳಿಕೆ ಬದಲಾಯಿಸೋ ಮಾತಿನ ಚಿಕಿತ್ಸೆ, 2020ರಲ್ಲಿ ಬಂದ ಕಾಕ್ರೇನ್ ಅನ್ನೋ ಸಂಸ್ಥೆಯ ವಿಮರ್ಶೆ 28 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿ ಹೇಳಿದ್ದೂ ಅದನ್ನೇ, ಇದರಿಂದ ಟಿನ್ನಿಟಸ್ಸಿನ ಕಾಟ ಕಡಿಮೆ ಆಗ್ಬಹುದು ಅಂತ. ಜಿಂಕೋ ಅನ್ನೋ ಮರದ ಎಲೆ ಸಾರದ ಕ್ಯಾಪ್ಸೂಲ್ ಅಂತ ಆನ್‌ಲೈನಲ್ಲಿ ಮಾರ್ತಾರಲ್ಲ, ಅದಕ್ಕೆ ಅಂಥ ಪುರಾವೆ ಇಲ್ಲ, ದುಡ್ಡು ಉಳಿಸ್ಕೊಳಿ.

ಈಗ ಮಾಡ್ಬೇಕಾದ್ದು: ಆಡಿಯೋಗ್ರಾಂ ಮಾಡ್ಸಿ. ಇಬ್ರು ಡಾಕ್ಟ್ರು ನೋಡಿದ್ರು ಅಂದ್ರಿ, ಒಬ್ರೂ ಕೇಳುವಿಕೆ ಟೆಸ್ಟ್ ಮಾಡ್ಸಿಲ್ಲ ಅನ್ಸುತ್ತೆ, ಅದು ನಂಗೆ ಆಶ್ಚರ್ಯ. ಕೇಳುವಿಕೆ ಕಮ್ಮಿ ಆಗಿದ್ರೆ ಹಿಯರಿಂಗ್ ಏಡ್‌ನಿಂದಲೇ ಎಷ್ಟೋ ಜನಕ್ಕೆ ಟಿನ್ನಿಟಸ್ ಹಿಂದೆ ಸರಿಯುತ್ತೆ. ಟಿನ್ನಿಟಸ್ ಮ್ಯಾಚಿಂಗೂ ಕೇಳಿ, ನಿಮ್ಮ ಕುಯ್ಯ್‌ಗೆ ಹೊಂದೋ ಶಬ್ದ ಹುಡುಕೋದು. 25 ಪ್ರಶ್ನೆಯ ಒಂದು ಪಟ್ಟಿ ಇದೆ, ಕನ್ನಡದಲ್ಲೂ ಇದೆ, ನೂರಕ್ಕೆ ಎಷ್ಟು ತೊಂದ್ರೆ ಅಂತ ಅಂಕ ಬರುತ್ತೆ. ಬೆಂಗಳೂರಲ್ಲಿ ಎಲ್ಲಾದ್ರೂ ಆಗುತ್ತೆ, ಇಲ್ಲಾಂದ್ರೆ ಮೈಸೂರಿಗೆ ಬನ್ನಿ, ಮಾನಸಗಂಗೋತ್ರಿಲಿ ಸ್ಪೀಚ್ ಅಂಡ್ ಹಿಯರಿಂಗ್ ಅಂದ್ರೆ ಆಟೋದವ್ರಿಗೆಲ್ಲ ಗೊತ್ತು. ಮತ್ತೆ ಓದ್ತಿರೋ ಬೇರೆಯವ್ರಿಗೂ ಹೇಳ್ತೀನಿ, ಒಂದೇ ಕಿವೀಲಿ ಇದ್ರೆ, ಎದೆಬಡಿತದ ತಾಳಕ್ಕೇ ಬಡೀತಿದ್ರೆ, ತಲೆಸುತ್ತು ಇದ್ರೆ ತಡ ಮಾಡ್ದೆ ತೋರ್ಸಿ. ಇದ್ದಕ್ಕಿದ್ದ ಹಾಗೆ ಕಿವಿ ಕೇಳಿಸ್ದೇ ಹೋದ್ರೆ ಅದು ಎಮರ್ಜೆನ್ಸಿ, ಅವತ್ತೇ ಹೋಗ್ಬೇಕು, ನಾಳೆ ನಾಡಿದ್ದು ಅನ್ನೋ ಹಾಗಿಲ್ಲ.

ರಾತ್ರಿಗೆ ಮಗ್ಗ ಬೇಡ ದಯವಿಟ್ಟು. ಫ್ಯಾನು, ಇಲ್ಲಾ ಫೋನಲ್ಲಿ ಮಳೆ ಶಬ್ದ, ಸಣ್ಣಗೆ, ನಿಮ್ಮ ಕುಯ್ಯ್ ಮುಚ್ಚೋಗೋಷ್ಟಲ್ಲ, ಅದರ ಪಕ್ಕ ಕೂತಿರೋ ಅಷ್ಟು. ಪೂರ್ತಿ ಮುಚ್ಚಿದ್ರೆ ಮಿದುಳಿಗೆ ಅದನ್ನ ಅಭ್ಯಾಸ ಮಾಡ್ಕೊಳೋ ಅವಕಾಶ ಸಿಗಲ್ಲ.

ಚೆಂಡೆಯವ

ನಮಸ್ಕಾರ. ನಂದು ಕುಂದಾಪುರ ಬದಿ, ಯಕ್ಷಗಾನ ಮೇಳದಲ್ಲಿ ಚೆಂಡೆಗೆ ಹದಿನೇಳು ವರ್ಷ ಆಯ್ತು. ನಿಮ್ಮ ಕಥೆ ಓದಿ ನಂದೇ ಯಾರೋ ಬರ್ದ ಹಾಗೆ ಆಯ್ತು ಮಾರಾಯ್ರೆ, ಮಗ್ಗದ ಜಾಗದಲ್ಲಿ ಚೆಂಡೆ ಅಷ್ಟೆ.

ನಮ್ದು ದೀಪಾವಳಿ ಕಳೆದು ತಿರುಗಾಟ ಶುರು ಆದ್ರೆ ಮೇ ತಿಂಗಳ ತನಕ ದಿನಾ ಆಟ. ಯುದ್ಧದ ಪದ್ಯಕ್ಕೆ ಕೈ ಬಿದ್ದಾಗ ಗೊತ್ತುಂಟಲ್ಲ, ಅದರ ಮೇಲೆ ಈಗ ಮೈಕು ಬೇರೆ, ಸ್ಪೀಕರ್ ಕಿವಿ ಬುಡದಲ್ಲೇ. ಆಟ ಮುಗಿದು ಬೆಳಿಗ್ಗೆ ಬಸ್ಸಲ್ಲಿ ಕೂತ್ರೆ ಎರಡು ಗಂಟೆ ಕಿವಿ ಗುಂಯ್ ಅಂತಿತ್ತು, ಹಿಮ್ಮೇಳದ ಎಲ್ಲರಿಗೂ ಆಗ್ತದೆ, ನಿದ್ದೆ ಮಾಡಿ ಎದ್ರೆ ಹೋಗ್ತಿತ್ತು, ನಾವೆಲ್ಲ ಅದಕ್ಕೆ ನಗಾಡ್ತಿದ್ದೆವು. ಒಂದು ವರ್ಷ ಪತ್ತನಾಜೆ ಕಳೆದು ಮೇಳ ಒಳಗಾಗಿ, ಅಂದ್ರೆ ತಿರುಗಾಟ ಮುಗಿದು ಮನೆಗೆ ಬಂದೆ, ಗುಂಯ್ ಹೋಗ್ಲೇ ಇಲ್ಲ. ಮೇ ಕೊನೆ, ಮಳೆ ಇನ್ನೂ ಹಿಡೀಲಿಲ್ಲ, ಊರು ಸುಮ್ಮನೆ. ಆ ಹತ್ತು ಹನ್ನೆರಡು ದಿನ ನಾನು ಹೇಗೆ ಕಳೆದೆ ಅಂತ ನಂಗೇ ಗೊತ್ತಿಲ್ಲ. ಅಂಗಳದಲ್ಲಿ ಅತ್ಲಾಗಿ ಇತ್ಲಾಗಿ ನಡೀತಾ ಇದ್ದೆ. ಮಗ ಕೇಳಿದ, ಅಪ್ಪ ಎಂತ ಹುಡುಕ್ತಿದ್ದಿ ಅಂತ.

ಆಮೇಲೆ ಮಳೆ ಬಂತು. ಹಂಚಿನ ಮೇಲೆ ಮಳೆ ಹೊಡೆಯುವ ಶಬ್ದ ಉಂಟಲ್ಲ, ಅವತ್ತು ರಾತ್ರಿ ನಾನು ಒಂಬತ್ತು ಗಂಟೆ ಮಲಗಿದ್ದೆ. ಶ್ರವಣ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ (ಮೇಡಮ್ಮೋ ಸಾರೋ ಗೊತ್ತಿಲ್ಲ, ಕ್ಷಮಿಸಿ).

ಒಂದು ಮಾತು ಹೇಳ್ತೇನೆ, ನಾನು ದೊಡ್ಡ ತಪ್ಪು ಮಾಡಿದ್ದು ಅದೇ. ಹೆದರಿ ಮೂರು ತಿಂಗಳು ಹಗಲೂ ರಾತ್ರೆ ಕಿವಿಗೆ ಹತ್ತಿ ತುಂಬಿಕೊಂಡು ಕೂತೆ, ದೇವಸ್ಥಾನದ ಗಂಟೆಯೂ ಬೇಡ, ಮಿಕ್ಸಿಯೂ ಬೇಡ. ಕಡೆಗೆ ಹತ್ತಿ ತೆಗೆದ್ರೆ ಚಮಚ ಬಿದ್ದ ಶಬ್ದವೂ ತಲೆಗೆ ಹೊಡೀತಿತ್ತು. ಮಣಿಪಾಲದಲ್ಲಿ ತೋರಿಸಿದಾಗ ಹೇಳಿದ್ರು, ಚೆಂಡೆ ಬಾರಿಸುವಾಗ ರಕ್ಷಣೆ ಬೇಕೇ ಬೇಕು, ಆದ್ರೆ ಸಾದಾ ಮನೆ ಶಬ್ದಕ್ಕೆ ಕಿವಿ ಮುಚ್ಚಿದ್ರೆ ಅದು ಇನ್ನೂ ನಾಜೂಕಾಗ್ತದೆ ಅಂತ. ನಿಮ್ಮ ಮಗಳ ತಟ್ಟೆ ವಿಷಯ ಓದಿದಾಗ ಅದೇ ನೆನಪಾಯ್ತು. ಈಗ ಸಂಗೀತದವ್ರಿಗೆ ಅಂತಲೇ ಬರುವ ಇಯರ್‌ಪ್ಲಗ್ ಹಾಕಿ ಬಾರಿಸ್ತೇನೆ. ಮೊದಲ ದಿನ ಭಾಗವತ್ರು, ಇದೆಂತದ್ದು ಚೆಂಡೆಯವನಿಗೇ ಚೆಂಡೆ ಬೇಡ್ವಾ ಅಂತ ತಮಾಷೆ ಮಾಡಿದ್ರು. ಈ ವರ್ಷ ಅವ್ರೇ ಒಂದು ಜೊತೆ ತರ್ಸಿದ್ದಾರೆ.

ಹುಬ್ಬಳ್ಳಿ_ಟೀಚರ್

ಅಣ್ಣಾರ, ನಿಮ್ಮ ಪೋಸ್ಟ್ ಓದಿ ಕಣ್ಣಾಗ ನೀರು ಬಂದ್ವು. ನಾನು ಪ್ರೈಮರಿ ಸಾಲಿ ಟೀಚರ್, ನನಗ ಇದು ಚಾಲೂ ಆಗಿ ಮೂರು ವರ್ಷ ಆತು. ಎಲ್ಲಾರೂ ಕಿವಿ ಬಗ್ಗೆ ಹೇಳ್ಯಾರ, ನಾ ಮನಸ್ಸಿನ ಬಗ್ಗೆ ಹೇಳ್ತೀನಿ, ಯಾಕಂದ್ರ ಅದನ್ನ ನನಗ ಯಾರೂ ಮೊದಲ ಹೇಳಿರಲಿಲ್ಲ.

ನಂದು ಎಡಗಿವಿ ಒಂದ. ಒಂದ ಕಿವ್ಯಾಗ ಅಂದಕೂಡ್ಲೆ ಎಂಆರ್‌ಐ ಬರದ್ರು. ಏನೂ ಇಲ್ಲ ಅಂತ ರಿಪೋರ್ಟ್ ಬಂತು, ಮನ್ಯಾಗ ಎಲ್ಲಾರೂ ಖುಷಿಯಾಗಿ ಪೇಢೆ ತಂದ್ರು, ನಾನೊಬ್ಬಾಕಿ ಬಾತ್‌ರೂಮಿಗೆ ಹೋಗಿ ಅತ್ತೆ. ಯಾಕಂದ್ರ ಏನರ ಸಿಕ್ಕಿದ್ರ ತಗದ ಒಗೀತಿದ್ರಲ್ಲ. ಏನೂ ಇಲ್ಲ ಅಂದ್ರ ಇದು ಸಾಯೂತನಕ ನನ್ನ ಕೂಡ ಐತಿ ಅಂತ ಅರ್ಥ ಆತು ನನಗ.

ಆಮ್ಯಾಲೆ ನಿಧಾನಕ ಎಲ್ಲಾ ಬಿಡ್ಕೋತ ಬಂದೆ. ಮೊದಲ ಟಿವಿ, ಆಮ್ಯಾಲೆ ಫೋನಿನ್ಯಾಗ ತಂಗಿ ಕೂಡ ಮಾತು, ಆಮ್ಯಾಲೆ ಊಟದ ರುಚಿನ ಹೋತು. ಸಾಲ್ಯಾಗ ಹುಡುಗ್ರು ಒಟ್ಟಿಗೆ ಮಗ್ಗಿ ಹೇಳೂ ಮುಂದ ಆರಾಮ ಇರ್ತಿದ್ದೆ, ನಾಕಕ್ಕ ಗಂಟಿ ಹೊಡದು ಹುಡುಗ್ರು ಮನಿಗೆ ಹ್ವಾದ್ರ ಖಾಲಿ ಕ್ಲಾಸಿನ್ಯಾಗ ಆ ಶಬ್ದ ಕುಂತಿರತಿತ್ತು. ಒಂದ ದಿನ ಅನಸ್ತು, ಹಿಂಗ ಬದುಕೂದಕ್ಕಿಂತ ಇಲ್ದಿದ್ರ ಛಲೋ ಅಂತ. ಬಚ್ಚಿಟ್ಟು ಏನ ಮಾಡೂದೈತಿ, ಬರದ ಬಿಡ್ತೀನಿ. ಅವತ್ತ ರಾತ್ರಿ ತಂಗಿಗೆ ಫೋನ್ ಮಾಡಿ ಇದ್ದದ್ದ ಇದ್ದಂಗ ಹೇಳಿದೆ. ಆಕಿ ಏನೂ ಬುದ್ಧಿ ಹೇಳಲಿಲ್ಲ, ಮುಂಜಾನೆ ಮೊದಲ ಬಸ್ ಹಿಡದು ಬಂದ್ಲು, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರಿಗೆ ಕರಕೊಂಡ ಹೋದ್ಲು.

ಅಲ್ಲೆ ಡಾಕ್ಟರ್ ಮೊದಲ ಕೇಳಿದ್ದು ಕಿವಿ ಬಗ್ಗೆ ಅಲ್ಲ, ನಿದ್ದಿ ಎಷ್ಟು ತಾಸು, ಊಟ ಹೆಂಗ, ಸಾಯೂ ವಿಚಾರ ಬಂದಾವೇನು ಅಂತ ಸೀದಾ ಕೇಳಿದ್ರು. ಡಿಪ್ರೆಶನ್ ಅಂದ್ರು. ಗುಳಿಗಿ ಚಾಲೂ ಮಾಡಿದ್ರು. ಒಂದು ಸ್ಪಷ್ಟ ಹೇಳ್ತೀನಿ, ಗುಳಿಗಿಯಿಂದ ಶಬ್ದ ಒಂಚೂರೂ ಕಡಿಮಿ ಆಗ್ಲಿಲ್ಲ, ಆಗ್ತೈತಿ ಅಂತ ಅವ್ರೂ ಹೇಳಿರಲಿಲ್ಲ. ಆದ್ರ ಐದಾರು ವಾರದ ಮ್ಯಾಲೆ ಒಂದ ಮುಂಜಾನೆ ಒಗ್ಗರಣಿ ವಾಸನಿ ಬಂತು, ಹಸಿವಿ ಆತು. ಅಷ್ಟರ ಮ್ಯಾಲೆ ಬಾಕಿ ಎಲ್ಲಾ ಕಟ್ಟಿದ್ದು. ಕೌನ್ಸೆಲಿಂಗ್‌ನ್ಯಾಗ ನಿದ್ದಿ ಬಗ್ಗೆ ಕೆಲವು ಹೇಳಿಕೊಟ್ರು, ರಾತ್ರಿ ಗಡಿಯಾರ ನೋಡಬಾರದು, ನಿದ್ದಿ ಬರಲಿಲ್ಲಂದ್ರ ಹಾಸಿಗ್ಯಾಗ ಹೊಳ್ಳಾಡಿಕೋತ ಇರಬಾರದು ಎದ್ದು ಹೊರಗ ಕುಂದರಬೇಕು, ಎಷ್ಟೊತ್ತಿಗೆ ಮಲಗಿದ್ರೂ ಮುಂಜಾನೆ ಏಳೂ ಟೈಮ್ ಒಂದ. ನಿದ್ದಿ ಗುಳಿಗಿ ಮಾತ್ರ ಸ್ವಲ್ಪ ದಿನಕ್ಕ ಅಷ್ಟ ಕೊಟ್ರು, ಅದಕ್ಕ ಹೊಂದಿಕೊಂಡ್ರ ಬಿಡೂದು ತ್ರಾಸ ಅಂತ, ಸ್ವಂತ ಮೆಡಿಕಲ್ ಶಾಪಿನ್ಯಾಗ ತಗೊಂಡ ನುಂಗಬ್ಯಾಡ್ರಿ.

ನೀವು ಹುಚ್ಚ ಹಿಡೀತೈತೇನು ಅಂತ ಕೇಳೀರಿ. ಹುಚ್ಚಲ್ರಿ, ಆದ್ರ ನಿಮಗ ಡಿಪ್ರೆಶನ್ ಚಾಲೂ ಆಗೇತಿ ಅಂತ ನನಗ ಅನಸ್ತೈತಿ. 14416 ಟೆಲಿಮನಸ್, ಮನಸ್ಸಿನ ತ್ರಾಸಿಗೆ ಇರೂ ಸರ್ಕಾರದ ಸಹಾಯವಾಣಿ, ಫ್ರೀ, ಇಪ್ಪತ್ನಾಕು ತಾಸು, ಕನ್ನಡದಾಗ ಮಾತಾಡ್ತಾರ. ನಿಮ್ಮ ತಾಲ್ಲೂಕು ಆಸ್ಪತ್ರ್ಯಾಗ ಮಂಗಳವಾರ ಮನೋಚೈತನ್ಯ ಅಂತ ಮಾನಸಿಕ ಆರೋಗ್ಯದ ಕ್ಲಿನಿಕ್ ಇರ್ತೈತಿ, ಕೇಳಿ ನೋಡ್ರಿ. ರಾತ್ರಿ ಮೂರಕ್ಕ ಸೂರು ನೋಡಿಕೋತ ಆ ವಿಚಾರ ಬಂದ್ರ ಮಾತ್ರ ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ, ನಿಮ್ಮ ಮನಿಯವ್ರನ್ನ ಎಬ್ಬಿಸ್ರಿ.

ಅವರ_ಮನೆಯವರು

ನಂಗಿಲ್ಲ, ನಮ್ಮನೆಯವ್ರಿಗಿದೆ, ಬಸ್ ಡ್ರೈವರ್ ಆಗಿದ್ರು. ಹೆಂಡ್ತಿ ಕಡೆಯಿಂದ ಒಂದು ಮಾತು ಹೇಳ್ಲಾ ಅಣ್ಣ, ನೀವು ನೆಪ ಅನ್ಕೊಂಡಿದಾಳೆ ಅಂತ ಬರ್ದಿದೀರಲ್ಲ, ಇರ್ಲಾರ್ದು. ನಂಗೆ ಆಗ ಇದ್ದಿದ್ದು ಹೆದ್ರಿಕೆ. ರಾತ್ರಿ ಎದ್ದು ಎದ್ದು ಕೂರ್ತಿದ್ರು, ಕೇಳಿದ್ರೆ ಏನಿಲ್ಲ ಮಲ್ಕೋ ಅಂತಿದ್ರು, ಆ ಏನಿಲ್ಲ ಅನ್ನೋದೇ ನಂಗೆ ಸಿಟ್ಟು ಬರ್ಸ್ತಿತ್ತು. ಈಗ ಇವತ್ತು ಎಷ್ಟು ಅಂತೀನಿ, ಎರಡು ಅಂತಾರೆ, ಏಳು ಅಂತಾರೆ, ಹತ್ತಕ್ಕೆ. ಏಳಿದ್ರೆ ಆ ದಿನ ಮಿಕ್ಸಿಗೆ ಮುಂಚೆ ಕೂಗಿ ಹೇಳ್ತೀನಿ ಅಷ್ಟೇ, ಬೇರೆ ಏನೂ ಮಾಡಲ್ಲ. ಡಾಕ್ಟ್ರ ಹತ್ರ ಹೋಗುವಾಗ ನಿಮ್ಮನೆಯವ್ರನ್ನೂ ಕರ್ಕೊಂಡ್ಹೋಗಿ.

ಮಗ್ಗದಮನೆ

ಆರು ವಾರ ಆಯ್ತು, ಉತ್ರ ಕೊಡೋಕೆ ತಡ ಆಯ್ತು, ಬೇಕಂತ ಅಲ್ಲ. ಟೀಚರಮ್ಮ ನೀವು ಬರ್ದಿದ್ದು ಓದಿ ಎರಡು ದಿನ ಫೋನೇ ಮುಟ್ಟಲಿಲ್ಲ ನಾನು. ನೀವು ಹೇಳಿದ್ದು ಸರಿ. ಆ ವಿಚಾರ ನಂಗೂ ಬಂದಿತ್ತು, ಪೋಸ್ಟಲ್ಲಿ ಬರ್ದಿರ್ಲಿಲ್ಲ. ಮೂರನೇ ದಿನ ರಾತ್ರಿ ಹೆಂಡ್ತೀನ ಎಬ್ಬಿಸಿ ಫೋನ್ ಅವಳ ಕೈಗೆ ಕೊಟ್ಟು ಎಲ್ಲಾ ಓದು ಅಂದೆ. ಹಾಸಿಗೆ ಮೇಲೆ ಕೂತು ಪೂರ್ತಿ ಓದಿದ್ಲು. ಅವರ ಮನೆಯವರು ಬರ್ದಿದ್ದು ಬಂದಾಗ ಹೂಂ ಅಂದ್ಲು ಅಷ್ಟೇ. 14416ಗೆ ಅವಳೇ ಫೋನ್ ಮಾಡಿದ್ದು.

ಬೆಂಗಳೂರಲ್ಲಿ ಆಡಿಯೋಗ್ರಾಂ ಆಯ್ತು, ಇಬ್ರೂ ಹೋಗಿದ್ವಿ. 4000 ಹರ್ಟ್ಸ್ (ಸ್ವರ ಎಷ್ಟು ಕೀಚಲು ಅನ್ನೋ ಅಳತೆ) ಹತ್ರ ಗೆರೆ ಬಾವಿಗೆ ಬಿದ್ದಂಗೆ ಕೆಳಗೆ ಬಿದ್ದಿದೆ, ಎರಡೂ ಕಿವೀಲಿ, ಆಮೇಲೆ 8000ಕ್ಕೆ ಸ್ವಲ್ಪ ಮೇಲೆ ಬರುತ್ತೆ. ಶಬ್ದದಿಂದ ಆಗಿದ್ದು ಅಂತ ಆ ಆಕಾರ ನೋಡಿದ್ರೇ ಗೊತ್ತಾಗುತ್ತಂತೆ. ಮಗ್ಗದವ್ರು ಅಂತ ನಾನು ಹೇಳೋಕೆ ಮುಂಚೆನೇ ಕೇಳಿದ್ರು, ನಾನು ಮಾತಾಡುವಾಗ ನನ್ನ ಬಾಯಿ ನೋಡ್ತಿದೀರಲ್ಲ, ಎಲ್ಲಿ ಕೆಲಸ ಅಂತ. ಮಗ್ಗದ ಮನೇಲಿ ನಾವೆಲ್ಲ ತುಟಿ ನೋಡಿ ಕೈಸನ್ನೆ ನೋಡೇ ಮಾತಾಡೋದು, ಚಿಕ್ಕ ವಯಸ್ಸಿಂದ ರೂಢಿ, ಅದು ಕಿವಿ ಹೋಗಿರೋದನ್ನೂ ಇಷ್ಟು ದಿನ ಮುಚ್ಚಿಟ್ಟಿತ್ತು ನೋಡಿ.

ಮ್ಯಾಚಿಂಗ್ ಮಾಡಿದ್ರು. ಹೆಡ್‌ಫೋನ್ ಹಾಕಿ ಬೇರೆ ಬೇರೆ ಶಬ್ದ ಬಿಡ್ತಾರೆ, ಇದಾ ಅದಾ ಅಂತ. ಆರು ಸಾವಿರ ಹರ್ಟ್ಸ್ ಹತ್ರ ಬಂದಾಗ ಎದೆ ಧಸಕ್ ಅಂತು, ಅದೇ, ಅಣ್ತಮ್ಮ ಇದ್ದಂಗೆ. ಎಷ್ಟು ಜೋರು ಅಂತ ನೋಡಿದ್ರೆ ನಂಗೆ ಕೇಳಿಸೋ ಮಟ್ಟಕ್ಕಿಂತ ಬರೀ ಆರು ಡೆಸಿಬಲ್ ಮೇಲಂತೆ. ಇಷ್ಟೇನಾ ಅಂತ ಎರಡು ಸಲ ಕೇಳಿದೆ, ನನ್ನ ಜೀವ ತೆಗೀತಿರೋದು ಇಷ್ಟೇನಾ ಅಂತ. ಬಹಳ ಜನಕ್ಕೆ ಇಷ್ಟೇ ಇರುತ್ತೆ ಅಂದ್ರು.

ಆಮೇಲೆ ಅವ್ರು ಒಂದು ಕೆಲಸ ಮಾಡಿದ್ರು. ಅದೇ ಶಬ್ದನ ನಂಗೆ ಎಷ್ಟು ಅನ್ಸುತ್ತೋ ಅಷ್ಟಕ್ಕೆ ಇಟ್ಟು ಹೆಡ್‌ಫೋನ್ ತೆಗ್ದು ನಮ್ಮನೆಯವಳಿಗೆ ಹಾಕಿದ್ರು. ಅವಳು ನನ್ನೇ ನೋಡ್ತಾ ಕೂತಿದ್ಲು. ಹತ್ತು ಸೆಕೆಂಡ್ ಇರ್ಬೇಕು, ತೆಗ್ದುಬಿಟ್ಲು. "ರಾತ್ರಿ ಎಲ್ಲಾನಾ?" ಅಂದ್ಲು. ಹಗಲೂ ಅಂದೆ. ಮತ್ತೆ ಹಾಕ್ಕೊಂಡ್ಲು, ಈ ಸಲ ಸುಮಾರು ಹೊತ್ತು ಹಾಕ್ಕೊಂಡೇ ಇದ್ಲು, ನಾನೇ ಸಾಕು ಅಂತ ತೆಗ್ದೆ. ಬಸ್ಸಲ್ಲಿ ಬರುವಾಗ ಯಲಹಂಕ ದಾಟೋವರೆಗೂ ಇಬ್ರೂ ಮಾತಾಡ್ಲಿಲ್ಲ.

ಶಬ್ದ ಹಂಗೇ ಇದೆ. ಆ 25 ಪ್ರಶ್ನೆ ಪಟ್ಟಿಲಿ ಅವತ್ತು ನೂರಕ್ಕೆ 72 ಬಂದಿತ್ತು, ಹೋದ ವಾರ ಮತ್ತೆ ಮಾಡಿದಾಗ 54. ನಿದ್ದೆ ಮೂರೂವರೆ ನಾಲ್ಕು ಗಂಟೆ ಬರ್ತಿದೆ, ಒಂದಿನ ಐದು. ಮಂಗಳವಾರದ ಡಾಕ್ಟ್ರ ಹತ್ರ ಮಾತ್ರೆ ಶುರು ಆಗಿದೆ. ಹಿಯರಿಂಗ್ ಏಡ್ ಟ್ರಯಲ್‌ಗೆ ಮುಂದಿನ ತಿಂಗಳು ಕರ್ದಿದಾರೆ, ರೇಟ್ ಕೇಳಿ ಇನ್ನೊಂದು ರೀತಿ ಕಿವಿ ಗುಂಯ್ ಅಂತು. ಕರೆಂಟ್ ಹೋದ ರಾತ್ರಿಗಳು ಈಗ್ಲೂ ಕಷ್ಟ, ಅದಕ್ಕೆ ಒಂದು ಚಾರ್ಜಿಂಗ್ ಫ್ಯಾನ್ ತಂದಿಟ್ಟಿದೀನಿ, ಗಾಳಿಗಲ್ಲ.

ಈಗ ಒಂದು ಪ್ರಶ್ನೆ. ನಮ್ಮನೆಯವಳೂ ದಿನಕ್ಕೆ ನಾಲ್ಕೈದು ಗಂಟೆ ಕಂಡಿಕೆ ಸುತ್ತೋಕೆ ಅದೇ ರೂಮಲ್ಲಿ ಕೂರ್ತಾಳೆ, ಇನ್ನಿಬ್ರು ಹುಡುಗ್ರೂ ಇದಾರೆ ಕೆಲಸಕ್ಕೆ. ಮನೆ ಮಗ್ಗಕ್ಕೆ ಯಾವ ಇನ್ಸ್‌ಪೆಕ್ಟ್ರೂ ಬರಲ್ಲ ಯಾರೂ ಕೇಳಲ್ಲ, ನಾವೇ ಏನಾದ್ರೂ ಮಾಡ್ಕೋಬೇಕು. ಇಯರ್‌ಮಫ್ ತರ್ಸಿದ್ದೆ, ಬೆವರಿಗೆ ಹುಡುಗ್ರು ಅರ್ಧ ಗಂಟೆಗೆ ತೆಗ್ದು ಮೊಳೆಗೆ ನೇತಾಕ್ತಾರೆ. ಫೋಮ್ ಪ್ಲಗ್ ಹಾಕಿದ್ರೆ ಬಿದ್ದೋಗುತ್ತೆ. ಚೆಂಡೆ ಅಣ್ಣ ನೀವು ಹೇಗೆ ಹಾಕ್ತೀರಾ?

ಚೆಂಡೆಯವ

ಬೀಳುದಾದ್ರೆ ಸರಿ ಹಾಕ್ಲಿಲ್ಲ ಅಂತ ಅರ್ಥ, ಎಲ್ಲರೂ ಬೂಚು ಒತ್ತಿದ ಹಾಗೆ ಒತ್ತುದು. ಮೊದಲು ಎರಡು ಬೆರಳಲ್ಲಿ ಹೊಸೆದು ಬತ್ತಿ ಹಾಗೆ ತೆಳ್ಳಗೆ ಮಾಡ್ಬೇಕು. ಬಲಗಿವಿಗೆ ಹಾಕುದಾದ್ರೆ ಎಡಗೈಯನ್ನ ತಲೆ ಮೇಲಿಂದ ತಂದು ಕಿವಿಯ ಮೇಲಿನ ತುದಿ ಹಿಡಿದು ಮೇಲೆ ಹಿಂದೆ ಎಳೀಬೇಕು, ಆಗ ಒಳಗಿನ ದಾರಿ ನೇರ ಆಗ್ತದೆ. ಒಳಗೆ ಬಿಟ್ಟು ಬೆರಳು ಒತ್ತಿಯೇ ಮೂವತ್ತು ಎಣಿಸಿ, ಅದು ಉಬ್ಬಿ ಕೂತುಕೊಳ್ತದೆ. ನಿಮ್ಮ ಸ್ವರ ನಿಮಗೇ ಬಾವಿ ಒಳಗಿಂದ ಮಾತಾಡಿದ ಹಾಗೆ ಕೇಳಿದ್ರೆ ಸರಿ ಕೂತಿದೆ ಅಂತ ಲೆಕ್ಕ. ಕೈ ತೊಳೆದು ಹಾಕ್ಲಿಕ್ಕೆ ಹೇಳಿ, ಗ್ರೀಸ್ ಕೈಯಲ್ಲಿ ಬೇಡ.

ಶ್ರವಣ_ಮೈಸೂರು

ಚೆನ್ನಾಗಿ ಹೇಳಿದ್ರಿ. ಡಬ್ಬಿ ಮೇಲೆ ಬರ್ದಿರೋ ಅಷ್ಟು ಡೆಸಿಬಲ್ ನಿಜವಾಗಿ ಕಮ್ಮಿ ಆಗಲ್ಲ, ಆದ್ರೂ ಮಗ್ಗಕ್ಕೆ ಸಾಕಷ್ಟಾಯ್ತು. ಹುಡುಗ್ರಿಗೂ ನಿಮ್ಮನೆಯವ್ರಿಗೂ ವರ್ಷಕ್ಕೊಂದ್ಸಲ ಆಡಿಯೋಗ್ರಾಂ ಮಾಡ್ಸಿ. ಮತ್ತೆ ಚೆಂಡೆಯವ್ರೇ, ಮೇಡಂ ಸರಿ.

ಮಗ್ಗದಮನೆ

ಈಗಷ್ಟೇ ಹಾಕಿ ನೋಡ್ದೆ. ಬಾವಿ ಥರಾನೇ ಕೇಳಿಸ್ತು. ಪಕ್ಕದಲ್ಲಿ ಇವಳಿಗೂ ಹಾಕ್ತಿದೀನಿ, ಕಿವಿ ಎಳೆದ್ರೆ ಓಲೆ ಅಡ್ಡ ಬರ್ತಿದೆ ಅಂತ ಬೈತಿದಾಳೆ.